ನುಂಗಿದ ಮೇಲೆ ಒಂದು ಮಾತು

"ನುಂಗಿದ್ರೆ ಸಾಲದು, ಮಾತಾಡಿ," ಎಂದಳು ನರ್ಸ್. ನಶೆ ಬಿಡಿಸುವ ಆ ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಮಾರುವವರಿದ್ದರು. ಅದಕ್ಕೇ ಕೋರ್ಟು ಕಳಿಸಿದ ಪ್ರತಿಯೊಬ್ಬನೂ ಅದನ್ನು ಕುಡಿದಾದ ಮೇಲೆ ಅವಳ ಕಿಟಕಿಯೆದುರು ಒಂದು ಮಾತಾಡಲೇಬೇಕು. ಈ ಹೊಸಬ ಮಾತ್ರ ಖಾಲಿ ಲೋಟ ಹಿಡಿದು, ತುಟಿ ಬಿಗಿದು, ನೆಲ ನೋಡುತ್ತ ನಿಂತಿದ್ದ.

"ಏನ್ರೀ, ಬಾಯಿಗೆ ಬೀಗ ಹಾಕ್ಕೊಂಡಿದೀರಾ? ಮಾತಾಡದಿದ್ರೆ ಕೋರ್ಟಿಗೆ ಬರೀಬೇಕಾಗುತ್ತೆ. ಆಮೇಲೆ ಮತ್ತೆ ಜೈಲೇ ಗತಿ."

ಅವನು ಬಾಯಿ ತೆರೆದು ತೋರಿಸಿದ. ಒಳಗೇನೂ ಇರಲಿಲ್ಲ. ಆದರೂ ಅವಳು ಪೆನ್ನು ಎತ್ತಿಕೊಂಡಾಗ ಮೆಲ್ಲಗೆ ಹೇಳಿದ: "ನುಂಗಿದೀನಿ ಸಿಸ್ಟರ್."

ಅವಳ ಕೈ ತಾನಾಗಿಯೇ ಕುತ್ತಿಗೆಯ ಮೇಲಿನ ಗಾಯದ ಗೆರೆಗೆ ಹೋಯಿತು. ಹೋದ ವರ್ಷ ಡ್ಯೂಟಿಗೆ ಬರುವಾಗ ಹಿಂದಿನಿಂದ ಚಾಕು ಹಿಡಿದು, "ಕೂಗ್ಬೇಡಿ ಸಿಸ್ಟರ್" ಎಂದು ಸರ ಕಿತ್ತುಕೊಂಡವನ ದನಿ ಇದೇ.

ಅವಳಿಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. "ನಾಳೆಯಿಂದ ನಾನು ಬರೋದು ಬೇಡ, ಅಲ್ವಾ?"

ಬೇಡ ಅನ್ನುವುದು ಅವಳ ನಾಲಿಗೆಯ ತುದಿಗೇ ಬಂದಿತ್ತು.

"ಬರ್ಲೇಬೇಕು," ಎಂದಳು, ಕುತ್ತಿಗೆಯಿಂದ ಕೈ ತೆಗೆಯದೆ. "ನೀನು ಬರದೇ ಇದ್ದ ದಿನ ಇನ್ಯಾರದೋ ಕುತ್ತಿಗೆಗೆ ಕೈ ಹಾಕ್ತೀಯ."