ಮೋತಿಯ ಬೆನ್ನಿನ ಗಾಯ

ಇಂದು ಮೊಮ್ಮಗಳು ನಾಯಿಮರಿಗೆ ಮುಲಾಮು ಹಚ್ಚಿದಳು; ಆ ವಾಸನೆಗೆ ನನ್ನ ಜೀವ ಹಿಗ್ಗಿ ನಮ್ಮ ಹಳೆಯ ಊರು ಸಾಸ್ತೂರಿನ ತಗಡಿನ ಶೆಡ್ಡಿಗೆ ಓಡಿತು.

ಭೂಕಂಪಕ್ಕೆ ಮನೆ ಬಿದ್ದು ಆ ಶೆಡ್ಡಿಗೆ ಬಂದ ಮೇಲೆ ನನಗೂ ಅಜ್ಜಿಗೂ ಉಳಿದದ್ದು ಮೋತಿ ನಾಯಿಯೊಂದೇ. ತಗಡು ತಾಗಿ ಅದರ ಬೆನ್ನು ಸೀಳಿದಾಗ ಅಜ್ಜಿ ಆ ಗಾಯಕ್ಕೆ ದಿನಾ ದೇವರ ಭಸ್ಮ ತುಂಬಿದಳು. ಗಾಯ ನಾರತೊಡಗಿತು. ಮೋತಿ ರೊಟ್ಟಿ ಮೂಸುವುದನ್ನೂ ಬಿಟ್ಟಿತು.

ಒಂದು ಮಧ್ಯಾಹ್ನ ದನದ ಡಾಕ್ಟರು ಬಂದು, ಉಪ್ಪುನೀರು ಕಾಯಿಸಲು ನನಗೆ ಹೇಳಿದರು.

"ದೇವರ ಭಸ್ಮ ತೊಳೀತೀರೇನ್ರಿ?" ಅಜ್ಜಿ ಅಡ್ಡ ನಿಂತಳು.

"ಭಸ್ಮದ ಕೆಳಗ ಕೀವು ತುಂಬ್ಯಾದ, ಆಯಿ. ತೊಳೀಲಿಲ್ಲಂದ್ರ ಇದು ಉಳಿಯಂಗಿಲ್ಲ."

ಅಜ್ಜಿ ಮೋತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. "ತೊಳೀರಿ. ಪಾಪ ನನಗ ಬರಲಿ, ಇದು ಬದುಕಲಿ."

ಡಾಕ್ಟರು ಗಾಯ ತೊಳೆದು ಇಂಥದೇ ವಾಸನೆಯ ಮುಲಾಮು ಹಚ್ಚಿದರು. ಮುಂದೆ ಅಲ್ಲಿ ಎಳೆಚರ್ಮ ಮೂಡಿದಾಗ ಅಜ್ಜಿ ಹಾದಿಹೋಕರನ್ನೆಲ್ಲ ಕರೆದು ತೋರಿಸಿದಳು: "ನೋಡ್ರಿ, ಕೂಸಿನ ಗಲ್ಲ ಇದ್ದಂಗ ಅದ!"