ಮೂರು ದೇಶದ ನೀಲಿ

ಅಂಗಡಿಯವನು ಮೂರು ಗಿಟಾರುಗಳನ್ನು ಸಾಲಾಗಿ ಒರಗಿಸಿ, ಮೂವರು ಮಕ್ಕಳ ಅಂಕಪಟ್ಟಿ ತೋರಿಸುವ ಅಪ್ಪನಂತೆ ಎದೆಯುಬ್ಬಿಸಿ ನಿಂತ.

“ಇದು ಅಮೆರಿಕಾದ್ದು, ಇದು ಜಪಾನಿಂದು, ಇದು ಇಂಡೋನೇಷ್ಯಾದ್ದು. ಮೂರೂ ಎಲೆಕ್ಟ್ರಿಕ್ಕು, ನೀವು ಕೇಳಿದ ಹಾಗೆ ಮೂರೂ ನೀಲಿ. ಯಾವುದಕ್ಕೆ ವೈರ್ ಹಾಕ್ಲಿ ಸಾರ್?”

ಗಿರಾಕಿ ಜೇಬಿನಿಂದ ಬೆಂಕಿಪೆಟ್ಟಿಗೆಯಷ್ಟಗಲದ ರಟ್ಟಿನ ತುಂಡು ತೆಗೆದ. ಅದಕ್ಕೆ ಬಳಿದಿದ್ದ ನೀಲಿಯನ್ನು ಒಂದೊಂದು ಗಿಟಾರಿನ ಹೊಟ್ಟೆಗೂ ಹಿಡಿದು, ಒಂದು ಕಣ್ಣು ಮುಚ್ಚಿ ನೋಡತೊಡಗಿದ.

“ಸಾರ್, ಇದನ್ನ ಎಲ್ಲರೂ ಕಿವಿಯಿಂದ ಆರಿಸ್ತಾರೆ.”

“ಕಿವಿ ಆಮೇಲಪ್ಪಾ. ಮೊದಲು ಸಂಸಾರ.”

ಅವನು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗೋಡೆಯಿಂದ ಕಿತ್ತುಬಂದ ಚಕ್ಕೆಯೊಂದನ್ನು ತಂದುಕೊಟ್ಟರೆ ಸಾಕು, ಹನಿ ಹನಿ ಬೆರೆಸಿ ಗೋಡೆಗೇ ಗುರುತು ಸಿಗದಂಥ ಬಣ್ಣ ಮಾಡಿಕೊಡುತ್ತಿದ್ದ. ಮನೆಯಲ್ಲಿ ಮಂಚದ ಪಕ್ಕ ಅವನ ನೀಲಿ ಗಿಟಾರೊಂದು ಆಗಲೇ ಇತ್ತು. ಇನ್ನು ಮೇಲೆ ಮನೆಗೆ ಬರುವ ಕರೆಂಟಿನ ಸಾಮಾನೆಂದರೆ ಬಟ್ಟೆ ಒಗೆಯುವ ಮಷಿನ್ನೇ ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು, ಅವನೂ ಹೂಂಗುಟ್ಟಿದ್ದ. ಇನ್ನೊಂದು ಗಿಟಾರ್ ಎಂದು ಬಾಯಿಬಿಟ್ಟರೆ ಮನೆ ರಣರಂಗ. ಆದರೆ ಇರುವುದರ ಜಾಗದಲ್ಲೇ ಅದೇ ಬಣ್ಣದ್ದು ಬಂದು ನಿಂತರೆ? ಹಳೆಯದನ್ನು ಬೆಳಿಗ್ಗೆಯೇ ಪೇಂಟ್ ಅಂಗಡಿಯ ಉಗ್ರಾಣಕ್ಕೆ ಸಾಗಿಸಿಯೂ ಆಗಿತ್ತು. ಬಣ್ಣ ಮಾತ್ರ ಹೆಚ್ಚುಕಮ್ಮಿಯಾಗಬಾರದು. ಯಾಕೆಂದರೆ ಹೆಂಡತಿಗೆ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ತಪಾಸಣೆಯ ಕೆಲಸ. ಗುಂಡಿ ಒಂದು ನೂಲಿನಷ್ಟು ಸರಿದಿದ್ದರೂ ಅಂಗಿಯನ್ನು ಪಕ್ಕಕ್ಕೆ ಎಸೆಯುವವಳು.

ಇಂಡೋನೇಷ್ಯಾದ್ದು ರಟ್ಟಿನ ಬಣ್ಣಕ್ಕೆ ಅಚ್ಚು ಹೊಯ್ದಂತೆ ಹೊಂದಿತು. ಮನೆಯಲ್ಲಿದ್ದದ್ದೂ ಅಲ್ಲಿಯದೇ, ನುಡಿಸಿದರೆ ದನಿಯೂ ಅದೇ. ಇದ್ದದ್ದನ್ನೇ ಇನ್ನೊಮ್ಮೆ ತರುವುದಕ್ಕೆ ಇಷ್ಟೆಲ್ಲ ಕಳ್ಳತನವೇಕೆ? ಅಮೆರಿಕಾದ್ದರ ದನಿ ಗುಂಡಿಗೆಗೆ ನಾಟಿತು, ಆದರೆ ಅದು ಶಾಯಿ ಚೆಲ್ಲಿದಂಥ ಕಡುನೀಲಿ. ಜಪಾನಿನದಕ್ಕೆ ವೈರ್ ಸಿಕ್ಕಿಸಿ ಒಮ್ಮೆ ಮೀಟಿದ. ಮುಂಗೈಯ ರೋಮ ನೆಟ್ಟಗಾಯಿತು. ಇನ್ನೊಮ್ಮೆ ಮೀಟಿದ, ಇಳಿಯಲೇ ಇಲ್ಲ. ಆದರೆ ಆ ನೀಲಿಯೊಳಗೆ ಎಲ್ಲೋ ಒಂದು ಹನಿ ಹಸಿರು ಕೂತಿತ್ತು.

“ಒಳಗೆ ಟ್ಯೂಬ್‌ಲೈಟ್ ಇದೆಯಾ?”

ಹಿಂದಿನ ಕೋಣೆಯ ಬಿಳಿ ಬೆಳಕಿನಲ್ಲಿ ಹಿಡಿದರೆ ಹಸಿರು ಮಾಯ. ಬಣ್ಣಕ್ಕೆ ಸ್ವಂತ ಬುದ್ಧಿಯಿಲ್ಲ, ದೀಪ ಕುಣಿಸಿದಂತೆ ಕುಣಿಯುತ್ತದೆ. ಮನೆಯಲ್ಲಿರುವುದೂ ಟ್ಯೂಬ್‌ಲೈಟೇ, ಮಂಚದ ಮೂಲೆಗೆ ಬಿಸಿಲು ಬೀಳುವುದೂ ಇಲ್ಲ.

“ಜಪಾನ್ ಕಟ್ಟಿಕೊಡಿ.”

“ಯಾವ ಮರ ಅಂತ ಕೇಳಿದೋರನ್ನ ನೋಡಿದೀನಿ, ತೂಕ ಕೇಳಿದೋರನ್ನೂ ನೋಡಿದೀನಿ,” ಎಂದ ಅಂಗಡಿಯವನು. “ಟ್ಯೂಬ್‌ಲೈಟ್ ಕೇಳಿದೋರು ನೀವೇ ಮೊದಲು.”

ಮನೆಗೆ ಬಂದು, ಹೊಸದನ್ನು ಹಳೆಯದರ ಜಾಗದಲ್ಲಿ ನಿಲ್ಲಿಸಿ, ತಲೆಯ ಮೇಲಿನ ಕಂಪನಿ ಹೆಸರು ಮುಚ್ಚುವಂತೆ ಎಂದಿನಂತೆ ತನ್ನ ಟೋಪಿ ನೇತುಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಬಣ್ಣ ಬಂಗಾರದಂತೆ ಕೂತಿತ್ತು. ಶಿಳ್ಳೆ ಹಾಕಲು ತುಟಿ ಮುಂದೆ ಮಾಡಿದವನು ಹಾಗೇ ನಿಂತುಬಿಟ್ಟ.

ಕೆಳಗಿನ ಅಂಚಿನಲ್ಲಿ ಗಾಯ ಇರಲಿಲ್ಲ.

ಹೆಂಡತಿ ಒಂದು ದಿನ ಒದ್ದೆ ಬಟ್ಟೆಯ ಸ್ಟೀಲ್ ಬಕೆಟ್ ಹೊತ್ತು ಮಹಡಿಗೆ ಹೊರಟಾಗ ಅದರ ಕಂಠ ತಗುಲಿ, ಹಳೆಯ ಗಿಟಾರಿನ ಅಂಚಿನಿಂದ ಉಗುರಿನಷ್ಟು ಚಕ್ಕೆ ಹಾರಿತ್ತು. ಅಂದಿನಿಂದ ಬೀಗದ ಕೈ ಕಳೆದದ್ದಕ್ಕೆ ಜಗಳವಾಗಲಿ, ಹಾಲು ಉಕ್ಕಿದ್ದಕ್ಕಾಗಲಿ, ಸೋಲುವ ಹಂತಕ್ಕೆ ಬಂದಾಗ ಅವನ ಕೊನೆಯ ಬಾಣ ಒಂದೇ: “ನನ್ನ ಗಿಟಾರಿಗೆ ಬಕೆಟ್ ಬಡಿದೋಳಲ್ವೇನೇ ನೀನು!” ದಿನಾ ಜಪಿಸಿದ್ದನ್ನೇ ಮರೆತು, ಒಂದು ಹನಿ ಹಸಿರಿಗೆ ತಲೆ ಕೆಡಿಸಿಕೊಂಡಿದ್ದ.

ಅವಳು ಬರುವ ಹೊತ್ತಾಗಿತ್ತು. ಸುತ್ತಿಗೆ, ಸ್ಕ್ರೂಡ್ರೈವರ್ ಹುಡುಕಿಕೊಂಡು, ಬಿದ್ದ ಚೂರು ತೊಳೆದುಹೋಗಲಿ ಎಂದು ಗಿಟಾರಿನೊಂದಿಗೆ ಬಚ್ಚಲುಮನೆ ಸೇರಿದ. ನೆನೆಹಾಕಿದ ಬಟ್ಟೆಯ ಬಕೆಟ್ಟಿನ ಪಕ್ಕ ಸ್ಟೂಲಿನ ಮೇಲೆ ಕೂತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅಂಚಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟ. ಸುತ್ತಿಗೆ ಎತ್ತಿದ. ಕೈ ಇಳಿಯಲಿಲ್ಲ. ಕಣ್ಣು ಮುಚ್ಚಿ ಎತ್ತಿದ. ಆಗಲೂ ಇಳಿಯಲಿಲ್ಲ. “ತಪ್ಪಾಯ್ತು ಮಾರಾಯ್ತಿ, ಒಂದೇ ಒಂದು ಏಟು,” ಎಂದು ಗಿಟಾರಿಗೇ ಕೈಮುಗಿದು ಮತ್ತೆ ಎತ್ತಿದ.

“ಏನ್ರೀ ಅದು?”

ಹೆಗಲಲ್ಲಿ ಚೀಲ ಹಾಗೇ ಇಟ್ಟುಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಸುತ್ತಿಗೆಯ ಮೇಲೆ ಹೋಯಿತು, ಟೋಪಿಯಿಲ್ಲದ ಗಿಟಾರಿನ ತಲೆಯ ಮೇಲೆ ಹೋಯಿತು, ಗಾಯವಿಲ್ಲದ ಅಂಚಿನ ಮೇಲೆ ಬಂದು ನಿಂತಿತು. ಒಂದು ಅಂಗಿ ಪಕ್ಕಕ್ಕೆ ಎಸೆಯುವಷ್ಟು ಹೊತ್ತು, ಅಷ್ಟೇ.

“ಅದೂ... ಬಣ್ಣ ಸ್ವಲ್ಪ...” ಎಂದು ಅವನು ತೊದಲಿದ.

ಅವಳು ಚೀಲ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒದ್ದೆ ಬಟ್ಟೆ ತುಂಬಿದ ಸ್ಟೀಲ್ ಬಕೆಟ್ಟನ್ನು ನೀರು ತುಳುಕಿಸುತ್ತ ಎರಡೂ ಕೈಯಲ್ಲಿ ಎತ್ತಿದಳು.

“ಸುತ್ತಿಗೇಲಿ ಆ ಆಕಾರ ಬರಲ್ಲ ರೀ. ಗಟ್ಟಿಯಾಗಿ ಹಿಡ್ಕೊಳ್ಳಿ, ನನಗೆ ಅಭ್ಯಾಸ ಇದೆ.”