ಒಂದು ಮೊಳ ಕಡಲಪಾಚಿ

ಅಳಿಯ ಮಾರಿಮುತ್ತು ಕಡಲಪಾಚಿಯ ಒಂದೊಂದೇ ತುಂಡನ್ನು ಹಗ್ಗಕ್ಕೆ ಕಟ್ಟುತ್ತಿದ್ದ ಪರಿಯನ್ನು ನೋಡಿ ನೋಡಿ ಅಂಜಮ್ಮನ ಬೆರಳುಗಳು ಚಡಪಡಿಸಿದವು. ಗಾಂಧಿ ಬಜಾರಿನಲ್ಲಿ ಹೂ ಕಟ್ಟುತ್ತಲೇ ತಲೆ ನರೆತವಳು ಆಕೆ. ರಾಮೇಶ್ವರದ ಕಡಲಿಗೆ ಇಂಥ ಹಗ್ಗಗಳನ್ನು ಇಳಿಬಿಟ್ಟು ಈ ನಾತದ ಪಾಚಿ ಬೆಳೆಯುವವನನ್ನು ಮಗಳು ಮೆಚ್ಚಿ ಮದುವೆಯಾದಂದಿನಿಂದ ಅವನೊಡನೆ ಒಂದು ಮಾತೂ ಆಡಿರಲಿಲ್ಲ. ತನ್ನ ಬೆಳೆಯನ್ನು ಅತ್ತೆಯೂ ಒಮ್ಮೆ ನೋಡಲಿ ಎಂದು ಅವನು ಒದ್ದೆ ಗೋಣಿಯಲ್ಲಿ ಒಂದಿಷ್ಟನ್ನು ಆಕೆಯ ಮನೆಗೇ ತಂದಿದ್ದ.

“ಹಗ್ಗ ಕಟ್ಟಿ ಮುಗಿಸೋಷ್ಟರಲ್ಲಿ ಅರ್ಧ ಬಾಡೋಗುತ್ತೆ ಕಣಮ್ಮಾ,” ಎಂದಳು ಮಗಳು ನಾಗವೇಣಿ. “ಬಿಗಿಯಾದ್ರೆ ತುಂಡಾಗುತ್ತೆ, ಸಡಿಲ ಆದ್ರೆ ಅಲೆ ಎಳ್ಕೊಂಡು ಹೋಗುತ್ತೆ. ಈ ಸಲಾನೂ ಹಿಂಗೇ ಆದ್ರೆ ಇವ್ರು ಈ ಬೇಸಾಯಾನೇ ಬಿಟ್ಟುಬಿಡ್ತಾರಂತೆ.”

“ಬಾಡೋದಕ್ಕೆ ಹೆದರಿದ್ರೆ ನಾನು ಹೂ ಮಾರ್ತಿದ್ನಾ? ಕೊಡು ಇಲ್ಲಿ!” ಅಂಜಮ್ಮ ಹಗ್ಗ ಕಸಿದುಕೊಂಡು ಅದರ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದಳು. ಎರಡು ಕುಚ್ಚು ಈ ಕಡೆ, ಎರಡು ಆ ಕಡೆ, ದಾರದ ಒಂದು ಸುತ್ತು, ಮಲ್ಲಿಗೆಯ ಕತ್ತು ಮುರಿಯದಷ್ಟೇ ಬಿಗಿ. ಮಾರಿಮುತ್ತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಬರಿಯ ಹಗ್ಗ ಕದಂಬ ಮಾಲೆಯಂತೆ ತುಂಬಿಕೊಂಡಿತು. ಅವನು ಅದನ್ನು ಬಕೆಟ್ಟಿನ ನೀರಿಗೆ ಅದ್ದಿ ಅಲೆಯಂತೆ ಜಗ್ಗಾಡಿದ. ಒಂದು ಎಸಳೂ ಕಳಚಲಿಲ್ಲ. ಅವನು ಗಟ್ಟಿಯಾಗಿ ನಕ್ಕುಬಿಟ್ಟ.

ಅಂಜಮ್ಮ ಹಗ್ಗ ವಾಪಸು ತೆಗೆದುಕೊಂಡಳು. ಅಭ್ಯಾಸಬಲದಿಂದ ಅದಕ್ಕೆ ನೀರು ಚಿಮುಕಿಸಿ, ಮೊಣಕೈಗೆ ಹಿಡಿದು ಅಳೆದು, ಮೊದಲ ಸಲ ಅಳಿಯನ ಮುಖ ನೋಡಿದಳು.

“ಎಷ್ಟು ಮೊಳ ಬೇಕು ಹೇಳಿ, ಅಳಿಯಂದ್ರೇ. ಕೊಸರು ಕೇಳ್ಬೇಡಿ, ನಾನೇ ಹಾಕ್ತೀನಿ.”